ನೀರಲ್ಲಿ ನಡೆಯುವ ಹಕ್ಕಿಗಳ ಬೇಟೆ

ಕೆರೆಯಂಚಿನ ರಾಡಿ ನೀರಿನಲ್ಲಿ ನಡೆದಾಡುವ ಹಕ್ಕಿಗಳಿಗೆ ಮೇವು ಹಿಡಿಯಲು ಮುಖ್ಯವಾಗಿ ಎರಡು ದಾರಿಗಳಿವೆ. ಬಕ, ಬೆಳ್ಳಕ್ಕಿ, ಟಿಟ್ಟಿಭಗಳು ಕಣ್ಣಿಟ್ಟು ಹಿಡಿಯುತ್ತವೆ. ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಉಲ್ಲಂಕಿಗಳು ಹೆಚ್ಚಾಗಿ ಕೊಕ್ಕಿನಿಂದ ತಡವಿ ಹಿಡಿಯುತ್ತವೆ.

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ನೀರಿಗಿಳಿದಾಗ ಗಮನಿಸಬೇಕು. ಕೊಕ್ಕನ್ನು ಅರೆತೆರೆದು ನೀರಿನಲ್ಲಿ ಅದ್ದಿ, ತಲೆಯನ್ನು ಅತ್ತಿಂದಿತ್ತ ಆಡಿಸುತ್ತಾ ನಡೆಯುತ್ತದೆ. ಒಂದು ಕಾಲಿನಿಂದ ಕೆಸರು ಕಲಕುತ್ತದೆ. ಬೆದರಿದ ಮೀನು ಕೊಕ್ಕಿಗೆ ತಗುಲಿದರೆ ಸಾಕು, ಕೊಕ್ಕು ತಟ್ಟನೆ ಮುಚ್ಚಿಕೊಳ್ಳುತ್ತದೆ. ಇದರ ಹತ್ತಿರದ ಬಂಧುವಾದ ಅಮೆರಿಕದ ಮರಕೊಕ್ಕರೆಯನ್ನು 1960ರ ದಶಕದಲ್ಲಿ ಕಣ್ಣುಮುಚ್ಚಿ ಪರೀಕ್ಷಿಸಿದಾಗಲೂ ಅದು ಮೀನು ಹಿಡಿಯಿತು. ಮೀನು ತಗುಲಿದ ಮೇಲೆ ಕೊಕ್ಕು ಮುಚ್ಚಲು ಹಿಡಿದ ಸಮಯ ಒಂದು ಸೆಕೆಂಡಿನ 40ರಲ್ಲಿ ಒಂದು ಪಾಲು ಮಾತ್ರ! ಇಂಥ ಬೇಟೆ ಚೆನ್ನಾಗಿ ಫಲಿಸುವುದು ನೀರು ಇಳಿದು ಮೀನುಗಳು ಒತ್ತೊತ್ತಾಗಿ ಸೇರಿದಾಗ.

ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುತ್ತದೆ. ಮರಿಗೆ ಈ ಸಂದಿ ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಇದರ ಮುಖ್ಯ ಆಹಾರ ಗದ್ದೆ, ಕೆರೆಗಳಲ್ಲಿ ಸಿಗುವ ಪೈಲಾ ಜಾತಿಯ ದಪ್ಪ ಬಸವನಹುಳು. ಸಂದಿಯಲ್ಲಿಟ್ಟು ಅಡಿಕೆಯಂತೆ ಒಡೆಯುತ್ತದೆಂದು ಊಹಿಸುವುದು ಸಹಜ, ಆದರೆ ನಡೆಯುವುದು ಬೇರೆಯೇ. ಮೇಲ್ಕೊಕ್ಕಿನಿಂದ ಚಿಪ್ಪನ್ನು ಅದುಮಿ ಹಿಡಿದು, ಕೆಳಕೊಕ್ಕಿನ ಚೂಪು ತುದಿಯನ್ನು ಬಾಗಿಲಂಥ ಮುಚ್ಚಳದ ಅಂಚಿನಲ್ಲಿ ತೂರಿಸಿ ಒಳಗಿನ ಮಾಂಸವನ್ನು ಎಳೆದುಕೊಳ್ಳುತ್ತದೆ. ಚಿಪ್ಪು ಬಹಳಷ್ಟು ಸಲ ಇಡಿಯಾಗಿಯೇ ಉಳಿಯುತ್ತದೆ.

ಕಣ್ಣಿನ ಬೇಟೆಗಾರರಿಗೆ ಬೇರೆ ತೊಡಕು. ನೀರಿನೊಳಗಿನ ಮೀನು ಇದ್ದ ಜಾಗದಲ್ಲಿ ಕಾಣುವುದಿಲ್ಲ, ಬೆಳಕು ಬಾಗುವುದರಿಂದ ತುಸು ಮೇಲೆ ಕಾಣುತ್ತದೆ. ಕಡಲತೀರದ ಬಕಗಳು ಈ ತಪ್ಪನ್ನು ಸರಿಹೊಂದಿಸಿಕೊಂಡೇ ಕುಕ್ಕುತ್ತವೆ ಎಂದು ಇಸ್ರೇಲಿನ ಸಂಶೋಧಕ ಗಾಡಿ ಕಾಟ್ಜಿರ್ 1980ರ ದಶಕದಲ್ಲಿ ತೋರಿಸಿದರು. ಪುಟ್ಟ ಬೆಳ್ಳಕ್ಕಿಯ ಕಾಲು ಕಪ್ಪು, ಪಾದ ಮಾತ್ರ ಹಳದಿ. ಆ ಪಾದವನ್ನು ಕೆಸರಿನಲ್ಲಿ ನಡುಗಿಸಿ ಅಡಗಿದ ಜೀವಿಗಳನ್ನು ಹೊರಗೆಬ್ಬಿಸುತ್ತದೆ. ಜಪಾನಿನಲ್ಲಿ ಕಿರುಬಕಗಳು ಕೀಟ, ರೆಂಬೆಚೂರುಗಳನ್ನು ನೀರ ಮೇಲೆ ಹಾಕಿ ಮೀನಿಗೆ ಗಾಳ ಹೂಡಿದ್ದೂ ದಾಖಲಾಗಿದೆ.

ಉಲ್ಲಂಕಿ ತನ್ನ ಉದ್ದ ಕೊಕ್ಕನ್ನು ಬುಡದವರೆಗೆ ಕೆಸರಿಗಿಳಿಸುತ್ತದೆ. ಕೊಕ್ಕಿನ ತುದಿಯಲ್ಲಿ ಒತ್ತಡ ಅರಿಯುವ ನರತುದಿಗಳು ತುಂಬಿವೆ, ಕೆಸರೊಳಗೇ ತುದಿಯನ್ನಷ್ಟೇ ತೆರೆಯಬಲ್ಲದು. ನಾಟ್ ಎಂಬ ಕಡಲಹಕ್ಕಿಗಂತೂ ಒದ್ದೆ ಮರಳಿನೊಳಗೆ ಹುಗಿದ ಕಪ್ಪೆಚಿಪ್ಪನ್ನು ಮುಟ್ಟದೆಯೇ ಪತ್ತೆಹಚ್ಚುವ ಶಕ್ತಿಯಿದೆ. ಕೊಕ್ಕು ಚುಚ್ಚಿದಾಗ ಮರಳ ಕಣಗಳ ನಡುವಿನ ನೀರು ಒತ್ತಲ್ಪಡುತ್ತದೆ, ಗಟ್ಟಿ ವಸ್ತು ಅದಕ್ಕೆ ಅಡ್ಡ ಬಂದರೆ ಒತ್ತಡ ಬದಲಾಗುತ್ತದೆ. ನೆದರ್ಲೆಂಡ್ಸ್‌ನ ತೆಯುನಿಸ್ ಪಿಯರ್ಸ್ಮಾ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪ್ರಕಟಿಸಿದರು.

ಯಾವ ಹಕ್ಕಿ ಎಷ್ಟು ದೂರ ನೀರಿಗಿಳಿಯುತ್ತದೆಂಬುದನ್ನು ಕಾಲಿನ ಉದ್ದ ನಿರ್ಧರಿಸುತ್ತದೆ. ಟಿಟ್ಟಿಭ ಅಂಚಿನಲ್ಲಿ, ಮೆಟ್ಟುಗಾಲು ಹಕ್ಕಿ ತುಸು ಮುಂದೆ, ಕೊಕ್ಕರೆಗಳು ಇನ್ನೂ ಆಳದಲ್ಲಿ. ಹಾಗಾಗಿ ಹೂಳೆತ್ತುವ ನೆಪದಲ್ಲಿ ಕೆರೆಯನ್ನು ಬೋಗುಣಿಯಂತೆ ತೋಡಿ, ದಂಡೆಗೆ ಕಲ್ಲು ಕಟ್ಟಿ ನೆಟ್ಟಗೆ ಮಾಡಿದರೆ ಇಳಿಜಾರಿನ ತೆಳುನೀರು ಹೋಗಿಬಿಡುತ್ತದೆ. ಅಲ್ಲಿಗೆ ಈಜುವ ನೀರುಕಾಗೆ, ಹೆಜ್ಜಾರ್ಲೆಗಳು ಬಂದಾವು, ಕೊಕ್ಕರೆಗೆ ಕಾಲೂರಲೂ ಜಾಗವಿರುವುದಿಲ್ಲ.