ಡರ್ಟಿ ಕೌ: ಹನ್ನೊಂದು ವರ್ಷ ಬಾಕಿ ಉಳಿದ ರಿಪೇರಿ

2016ರ ಅಕ್ಟೋಬರಿನಲ್ಲಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ನ ಒಂದು ತೂತು ಮುಚ್ಚಿದರು. ಅದಕ್ಕೆ ಬಿದ್ದ ಹೆಸರು 'ಡರ್ಟಿ ಕೌ'. ಇಲ್ಲಿರೋ ಕೌ ಹಸು ಅಲ್ಲ, 'ಕಾಪಿ ಆನ್ ರೈಟ್' ಎಂಬುದರ ಮೊದಲಕ್ಷರಗಳು. ಒಂದು ಫೈಲನ್ನು ಹಲವು ಪ್ರೋಗ್ರಾಂಗಳು ಮೆಮೊರಿಗೆ ತಂದುಕೊಂಡಾಗ ಕರ್ನಲ್ ಎಲ್ಲಕ್ಕೂ ಒಂದೇ ಪ್ರತಿ ತೋರಿಸುತ್ತೆ. ಯಾವುದಾದರೂ ಅದರ ಮೇಲೆ ಬರೆಯಲು ಹೊರಟರೆ ಅದಕ್ಕೆ ಬೇರೆ ನಕಲು ಕೊಡುತ್ತೆ. ನಕಲು ಸಿದ್ಧವಾಗಿ, ಇನ್ನೂ ಬರೆಯುವ ಮೊದಲೇ ಇನ್ನೊಂದು ಥ್ರೆಡ್ ಅದನ್ನು ಎಸೆದುಬಿಟ್ಟರೆ? ಬರೆದದ್ದು ಸೀದಾ ಮೂಲ ಪ್ರತಿಗೇ ಬೀಳುತ್ತಿತ್ತು. ಓದಲು ಮಾತ್ರ ಅನುಮತಿ ಇದ್ದ ಸಾಮಾನ್ಯ ಬಳಕೆದಾರ ಹೀಗೆ ಸಿಸ್ಟಮ್ ಫೈಲನ್ನೇ ತಿದ್ದಿ ರೂಟ್ ಆಗಬಹುದಿತ್ತು.

ನನ್ನನ್ನು ಹೆಚ್ಚು ಕಾಡೋದು ಇದರ ಹಿಂದಿನ ಕಥೆ. ಟೊರ್ವಾಲ್ಡ್ಸ್ 2005ರಲ್ಲೇ ಇದಕ್ಕೆ ತೇಪೆ ಹಾಕಿದ್ದರು. ಐಬಿಎಂನ ಎಸ್390 ಯಂತ್ರಗಳಲ್ಲಿ ಅದರಿಂದ ತೊಂದರೆಯಾಯ್ತು, ತೇಪೆ ಕಿತ್ತುಹಾಕಿದರು. ಆಗ ಈ ಅಪಾಯ ಬರೀ ಥಿಯರಿ ಅನ್ನಿಸಿತ್ತು. ಮುಂದೆ ಎಸ್390 ತೊಂದರೆ ಬಗೆಹರಿಯಿತು, ಕಿತ್ತ ತೇಪೆಯ ಕಡೆ ಮಾತ್ರ ಯಾರೂ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಕರ್ನಲ್ ಬೆಳೆದು, ಥಿಯರಿ ಅನ್ನಿಸಿದ್ದನ್ನು ಮಾಡಿ ತೋರಿಸೋದು ಸುಲಭವಾಗಿತ್ತು. ಸರ್ವರ್‌ಗೆ ಬರುವ ಟ್ರಾಫಿಕ್ಕನ್ನು ದಾಖಲಿಸಿಡುತ್ತಿದ್ದ ಫಿಲ್ ಓಸ್ಟರ್‌ಗೆ 2016ರಲ್ಲಿ ದಾಳಿಕೋರರ ಕೋಡೇ ಸಿಕ್ಕಿತು. ಆಂಡ್ರಾಯ್ಡ್ ಫೋನ್‌ಗಳಿಗೂ ಇದೇ ಅಪಾಯ ಇತ್ತು.

ಹೊಸ ತಿದ್ದುಪಡಿ ಕೆಲವೇ ಸಾಲುಗಳದ್ದು. ಅದರಲ್ಲೂ ಒಂದು ಮೂಲೆ ತಪ್ಪಿಹೋಗಿದ್ದು, ದೊಡ್ಡ ಮೆಮೊರಿ ಪುಟಗಳ ಕಡೆ, 2017ರಲ್ಲಿ ಬಯಲಾಯ್ತು.

ಕೋಡ್ ವಾಪಸ್ ತೆಗೆಯುವಾಗ ಕಾರಣ ಬರೆದಿಡ್ತೀವಿ. ಆ ಕಾರಣ ಮುಗಿದ ದಿನ ನೆನಪಿಸೋರು ಯಾರು ಅಂತಲೂ ಬರೆದಿಡಬೇಕು ಅನ್ನಿಸುತ್ತೆ ನನಗೆ.