ಅಂಗಾಂಶ ಗುರುತಿಸುವ ವಿದ್ಯೆ: ಬಣ್ಣಕ್ಕಿಂತ ಮೊದಲು ವಿನ್ಯಾಸ

ಹಿಸ್ಟಾಲಜಿ ಮುಗಿದುಹೋದ ಶಾಸ್ತ್ರ ಎಂದು ಹೇಳಲು ವೈದ್ಯಕೀಯ ಕಾಲೇಜುಗಳಲ್ಲಿ ಈಗ ಯಾರೂ ಮುಜುಗರಪಡುವುದಿಲ್ಲ. ಮನುಷ್ಯದೇಹದ ಅಂಗಾಂಶಗಳನ್ನೆಲ್ಲ ನೋಡಿಯಾಗಿದೆ, ಹೆಸರಿಟ್ಟಾಗಿದೆ, ಬಣ್ಣದ ಚಿತ್ರಗಳಲ್ಲಿ ಅಚ್ಚುಹಾಕಿಯಾಗಿದೆ; ಉಳಿದದ್ದು ಬಾಯಿಪಾಠ, ಅದನ್ನೂ ಕಂಪ್ಯೂಟರಿಗೆ ಒಪ್ಪಿಸಿದರಾಯಿತು ಎಂಬುದು ವಾದ. ಸ್ಲೈಡು ನೋಡಿ ಹೆಸರು ಹೇಳುವ ಸ್ಪಾಟರ್ ಪರೀಕ್ಷೆಯ ಹಿಂದಿನ ರಾತ್ರಿ ಮೊಬೈಲಿನಲ್ಲಿ ಚಿತ್ರ ಸರಿಸುತ್ತ, ಗಾಢ ಬಣ್ಣದ ನಡುವೆ ತಿಳಿಯಾದ ದ್ವೀಪ ಕಂಡರೆ ಮೇದೋಜೀರಕ ಗ್ರಂಥಿ ಎಂದು ಗಟ್ಟಿಮಾಡಿಕೊಳ್ಳುವ ವಿದ್ಯಾರ್ಥಿಯದೂ ಇದೇ ನಂಬಿಕೆ: ಅಂಗಾಂಶ ಎಂದರೆ ಒಂದು ಚಿತ್ರ, ಗುರುತಿಸುವುದೆಂದರೆ ಚಿತ್ರ ಹೊಂದಿಸುವುದು. ಈ ವಿದ್ಯೆ ಬೆಳೆದುಬಂದ ಬಗೆ ಬೇರೆಯೇ ಇದೆ.

ಅಂಗಾಂಶಗಳನ್ನು ಮೊದಲು ವಿಂಗಡಿಸಿದವನು ಸೂಕ್ಷ್ಮದರ್ಶಕವನ್ನು ನಂಬದ ಮನುಷ್ಯ. ಪ್ಯಾರಿಸ್ಸಿನ ಬಿಶಾ ಶವಗಳನ್ನು ಕೊಯ್ದು, ಬೇಯಿಸಿ, ಒಣಗಿಸಿ, ಆಮ್ಲದಲ್ಲಿ ಕೊಳೆಹಾಕಿ, ಯಾವ ಪೊರೆ ಹೇಗೆ ವರ್ತಿಸುತ್ತದೆಂದು ನೋಡಿ 21 ಬಗೆಗಳನ್ನು ಹೇಳಿದ. 1802ರಲ್ಲಿ, ಇನ್ನೂ 30ರ ಹರೆಯದಲ್ಲೇ ತೀರಿಕೊಂಡ. ಅವನ ಕಾಲದ ಮಸೂರಗಳು ಅಂಚಿನಲ್ಲಿ ಕಾಮನಬಿಲ್ಲು ಮೂಡಿಸುತ್ತಿದ್ದುದರಿಂದ ಅವನ ಅಪನಂಬಿಕೆಗೆ ಅರ್ಥವಿತ್ತು. 1830ರಲ್ಲಿ ಜೋಸೆಫ್ ಜಾಕ್ಸನ್ ಲಿಸ್ಟರ್ ಆ ದೋಷ ಕಳೆಯುವ ದಾರಿ ತೋರಿದ ಮೇಲೆ ಎಲ್ಲವೂ ಬೇಗಬೇಗ ನಡೆಯಿತು: 1839ರಲ್ಲಿ ಶ್ವಾನ್‌ನ ಜೀವಕೋಶ ಸಿದ್ಧಾಂತ, 1852ರಲ್ಲಿ ಕೊಲಿಕರ್‌ನ ಕೈಪಿಡಿ, 1858ರಲ್ಲಿ ವಿರ್ಕೋನ ಉಪನ್ಯಾಸಗಳು. ಎಪಿಥೀಲಿಯಂ, ಸಂಯೋಜಕ ಅಂಗಾಂಶ, ಸ್ನಾಯು, ನರ ಎಂಬ ಇಂದಿನ ನಾಲ್ಕು ಪಾಲು ನೆಲೆಗೊಂಡದ್ದು ಆ ದಶಕಗಳಲ್ಲಿ.

ನಿಜವಾದ ಕ್ರಾಂತಿ ನಡೆದದ್ದು ಅಡುಗೆಮನೆಯಂಥ ಕೋಣೆಗಳಲ್ಲಿ. ಪಠ್ಯಪುಸ್ತಕಗಳು ಅದನ್ನು ಅರ್ಧ ಪುಟದಲ್ಲಿ ಮುಗಿಸುತ್ತವೆ. ಹಸಿ ಅಂಗಾಂಶ ತೆಳುವಾಗಿ ಕೊಯ್ಯಲು ಬರುವುದಿಲ್ಲ, ಕೊಯ್ದರೂ ಬಣ್ಣವಿಲ್ಲದೆ ಏನೂ ಕಾಣುವುದಿಲ್ಲ. 1858ರಲ್ಲಿ ಗೆರ್ಲಾಕ್ ಕಾರ್ಮೈನ್ ಬಳಸಿದ. 1865ರಲ್ಲಿ ಬೋಮರ್ ಮೆಕ್ಸಿಕೋ ಕಡೆಯ ಮರವೊಂದರ ತಿರುಳಿನ ಬಣ್ಣಕ್ಕೆ ಪಟಿಕ ಸೇರಿಸಿ ಹಿಮಟಾಕ್ಸಿಲಿನ್ ನಿಲ್ಲುವಂತೆ ಮಾಡಿದ. 1876ರಲ್ಲಿ ಅದರ ಜೊತೆಗೆ ಇಯೋಸಿನ್ ಬಂತು. ಕೋಶಕೇಂದ್ರ ನೇರಳೆ, ಉಳಿದದ್ದು ಗುಲಾಬಿ ಎಂಬ ಎಚ್ ಅಂಡ್ ಇ ಇಂದಿಗೂ ಲೋಕದ ಬಹುತೇಕ ಪೆಥಾಲಜಿ ಲ್ಯಾಬುಗಳ ದಿನಬಳಕೆಯ ಬಣ್ಣ. ಫಾರ್ಮಲಿನ್ ಬಂದದ್ದು 1893ರಲ್ಲಿ. ಅದು ಕ್ರಿಮಿನಾಶಕವಾದೀತೇ ಎಂದು ಪರೀಕ್ಷಿಸುತ್ತಿದ್ದ ಬ್ಲೂಮ್, ತನ್ನ ಬೆರಳ ಚರ್ಮ ಗಟ್ಟಿಯಾದದ್ದನ್ನು ಗಮನಿಸಿದ. ಫಾರ್ಮಲಿನ್, ಆಲ್ಕೊಹಾಲ್, ಕ್ಸೈಲೀನ್, ಪ್ಯಾರಾಫಿನ್, ಮೈಕ್ರೊಟೋಮ್: ಈ ಸಾಲು ಅಲ್ಲಿಂದ ಇಲ್ಲಿಯವರೆಗೆ ಹೆಚ್ಚು ಕಡಿಮೆ ಹಾಗೇ ಇದೆ.

ಅಂದರೆ ಸ್ಲೈಡಿನಲ್ಲಿ ಕಾಣುವುದು ದೇಹವಲ್ಲ, ಈ ಸಾಲನ್ನು ದಾಟಿ ಬಂದ ದೇಹ. ಕೊಬ್ಬಿನ ಕೋಶ ಖಾಲಿ ಉಂಗುರವಾಗಿ ಕಾಣುವುದು ಕ್ಸೈಲೀನ್ ಕೊಬ್ಬನ್ನು ಕರಗಿಸಿರುವುದರಿಂದ. ನರದ ಸುತ್ತಲಿನ ಮಯಲಿನ್ ಇದ್ದ ಜಾಗ ಬಿಳಿಯಾಗಿರುವುದೂ ಅದಕ್ಕೇ. 2018ರಲ್ಲಿ ದೇಹದೊಳಗೆ ಹೊಸ ಅಂಗವೇ ಸಿಕ್ಕಿತೆಂದು ಪತ್ರಿಕೆಗಳು ಬರೆದವಲ್ಲ, ಅದರ ತಿರುಳೂ ಇಷ್ಟೆ. ಪಿತ್ತನಾಳದ ಗೋಡೆಯನ್ನು ಜೀವಂತವಾಗಿರುವಾಗಲೇ ಲೇಸರ್ ಎಂಡೋಸ್ಕೋಪಿಯಲ್ಲಿ ನೋಡಿದಾಗ ದ್ರವ ತುಂಬಿದ ಪೊಳ್ಳುಗಳು ಕಂಡವು. ಮಾಮೂಲಿ ಸ್ಲೈಡಿನಲ್ಲಿ ಅವು ಕುಸಿದು, ಒತ್ತಾದ ಕೊಲಾಜನ್ ಎಂದು ದಾಖಲಾಗಿದ್ದವು. ಅಂಗ ಹೊಸದೇನಲ್ಲ. ಸಂಸ್ಕರಣೆ ಏನನ್ನು ಅಳಿಸುತ್ತದೆ ಎಂದು ನಾವು ಕೇಳುವುದನ್ನು ಬಿಟ್ಟಿದ್ದೆವು.

ಈ ಪ್ರಶ್ನೆಯನ್ನು ಬಿಡದೆ ಕೇಳಿದವರು ವಿಶೇಷ ಬಣ್ಣಗಳ ಪಂಥದವರು. ನನ್ನ ಒಲವು ಅವರ ಕಡೆಗೆ, ಮುಚ್ಚಿಡುವುದಿಲ್ಲ. ಗಾಲ್ಜಿಯ 1873ರ ಬೆಳ್ಳಿಯ ವಿಧಾನ, ಅದನ್ನು ಹಿಡಿದು ಕಾಹಾಲ್ ಬಿಡಿಸಿದ ನರಕೋಶಗಳು, ಇಬ್ಬರಿಗೂ 1906ರಲ್ಲಿ ಸಂದ ನೊಬೆಲ್ ಎಲ್ಲರಿಗೂ ಗೊತ್ತು. 1929ರಲ್ಲಿ ಮಾಂಟ್ರಿಯಲ್‌ನ ಪಿಯರ್ ಮ್ಯಾಸನ್ ಕೊಟ್ಟ ಟ್ರೈಕ್ರೋಮ್ ಅಷ್ಟು ಪ್ರಸಿದ್ಧವಲ್ಲ, ಆದರೆ ಕೆಲಸಕ್ಕೆ ಬಂದದ್ದು ಹೆಚ್ಚು: ಸ್ನಾಯು ಕೆಂಪು, ಕೊಲಾಜನ್ ಹಸಿರು ಅಥವಾ ನೀಲಿ. 1936ರಲ್ಲಿ ಗಾರ್ಡನ್ ಮತ್ತು ಸ್ವೀಟ್ಸ್ ರೆಟಿಕ್ಯುಲಿನ್ ಎಳೆಗಳನ್ನು ಬೆಳ್ಳಿಯಲ್ಲಿ ಕಪ್ಪಾಗಿಸಿದರು. ಯಕೃತ್ತಿನ ಹಂದರ ಆಗ ಕಣ್ಣಿಗೆ ಬಿತ್ತು. 1946ರಲ್ಲಿ ಮ್ಯಾಕ್‌ಮೇನಸ್ ತೋರಿಸಿದ ಪಿಎಎಸ್ ಎಂಬ ಬಣ್ಣದಲ್ಲಿ, ಎಚ್ ಅಂಡ್ ಇ ಸ್ಲೈಡಿನಲ್ಲಿ ಖಾಲಿ ಲೋಟದಂತಿದ್ದ ಗಾಬ್ಲೆಟ್ ಕೋಶ ಕಡುಗುಲಾಬಿಯಾಗಿ ತುಂಬಿತು. ಒಂದೇ ಪ್ಯಾರಾಫಿನ್ ಬ್ಲಾಕಿನ ಪಕ್ಕಪಕ್ಕದ ಪದರಗಳಿಗೆ ಬೇರೆಬೇರೆ ಬಣ್ಣ ಹಾಕಿ ಹೋಲಿಸುವ ಈ ಪದ್ಧತಿ, ಬಣ್ಣ ಉತ್ತರವಲ್ಲ, ಕೇಳಿದ ಪ್ರಶ್ನೆ ಎಂದು ನಮ್ಮ ತಲೆಮಾರಿಗೆ ಕಲಿಸಿತು.

ನಮ್ಮ ತಲೆಮಾರು ಕಲಿತದ್ದು ಎರಡು ಬಣ್ಣದ ಪೆನ್ಸಿಲ್ ಹಿಡಿದು ರೆಕಾರ್ಡಿನಲ್ಲಿ ಬಿಡಿಸುತ್ತ. ಕೈಯಲ್ಲಿ ಅರ್ಜೆಂಟೀನಾದ ಡಿ ಫಿಯೋರೆಯ ಅಟ್ಲಾಸ್, ರೋಹ್ಟಕ್‌ನಲ್ಲಿ ಪಾಠ ಹೇಳಿದ ಇಂದರ್‌ಬೀರ್ ಸಿಂಗ್ ಅವರ ಪುಸ್ತಕ. ಬಿಡಿಸುವ ಶಿಕ್ಷೆ ಯಾರಿಗೂ ಇಷ್ಟವಿರಲಿಲ್ಲ, ಆದರೆ ಬಿಡಿಸುವವನು ಪದರಗಳ ಕ್ರಮ ತಪ್ಪಿಸುವಂತಿಲ್ಲ. ಮೊದಲು ಸ್ಲೈಡನ್ನು ಬರಿಗಣ್ಣಿಗೆ ಹಿಡಿ, ಆಮೇಲೆ ಲೋ ಪವರ್, ಕೊನೆಗೆ ಹೈ ಪವರ್ ಎಂಬುದು ಕಟ್ಟಳೆ. ಅದಕ್ಕೆ ಕಾರಣವಿದೆ. ದುಗ್ಧಗ್ರಂಥಿ, ಗುಲ್ಮ, ಥೈಮಸ್, ಟಾನ್ಸಿಲ್ ನಾಲ್ಕರಲ್ಲೂ ಹೈ ಪವರ್‌ನಲ್ಲಿ ಕಾಣುವುದು ಅದೇ ಲಿಂಫೋಸೈಟುಗಳ ಜಾತ್ರೆ. ಕವಚದ ಕೆಳಗೆ ಸೈನಸ್ ಇದ್ದರೆ ದುಗ್ಧಗ್ರಂಥಿ. ಗಂಟುಗಳೊಳಗೆ ಪಕ್ಕಕ್ಕೆ ಸರಿದ ಪುಟ್ಟ ಧಮನಿ ಇದ್ದರೆ ಗುಲ್ಮ. ತಿಳಿಬಣ್ಣದ ಒಳಭಾಗದಲ್ಲಿ ಹ್ಯಾಸಲ್ ಕಣಗಳಿದ್ದರೆ ಥೈಮಸ್. ಒಂದು ಬದಿಗೆ ಬಹುಪದರ ಎಪಿಥೀಲಿಯಂ ಕಂದಕವಾಗಿ ಇಳಿದಿದ್ದರೆ ಟಾನ್ಸಿಲ್. ಹಾಲೂಡುವ ಸ್ತನವೂ ಥೈರಾಯ್ಡೂ ಅವಸರದಲ್ಲಿ ಒಂದೇ ಎನಿಸುತ್ತವೆ. ನಾಳ ಹುಡುಕಿದವನಿಗೆ ಅನುಮಾನ ಉಳಿಯದು, ಥೈರಾಯ್ಡಿಗೆ ನಾಳವೇ ಇಲ್ಲ. ಉದ್ದಕ್ಕೆ ಕೊಯ್ದ ನುಣುಪು ಸ್ನಾಯು, ಸ್ನಾಯುರಜ್ಜು, ನರ ಮೂರೂ ಗುಲಾಬಿ ಪಟ್ಟಿಗಳೇ. ಸ್ನಾಯುವಿನಲ್ಲಿ ಕೋಶಕೇಂದ್ರ ಎಳೆಯ ಒಳಗಿದೆ, ರಜ್ಜುವಿನಲ್ಲಿ ಎಳೆಗಳ ನಡುವೆ ಒತ್ತಿ ಸಾಲಾಗಿದೆ, ನರ ಅಲೆಅಲೆಯಾಗಿ ಹರಿದಿದೆ. ಇಲ್ಲೆಲ್ಲ ತೀರ್ಮಾನ ಹೇಳಿದ್ದು ಬಣ್ಣವಲ್ಲ. ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬ ವಿನ್ಯಾಸ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಾಲವನ್ನು ಇಲ್ಲಿ ದಾಟಿಬಿಡುತ್ತೇನೆ. ಅದು ಕೋಶದ ಒಳಗನ್ನು ತೆರೆಯಿತು, ಅಂಗಾಂಶ ಗುರುತಿಸುವ ದಿನನಿತ್ಯದ ಕೆಲಸವನ್ನು ಅಷ್ಟಾಗಿ ಬದಲಿಸಲಿಲ್ಲ. ಬದಲಿಸಿದ್ದು ನಿರ್ದಿಷ್ಟ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳು. 1941ರಲ್ಲಿ ಕೂನ್ಸ್ ಅವಕ್ಕೆ ಹೊಳೆಯುವ ಬಣ್ಣ ಕಟ್ಟಿದ, 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ತಳಿಯ ಪ್ರತಿಕಾಯ ಬೇಕಾದಷ್ಟು ತಯಾರಿಸುವ ಉಪಾಯ ಕೊಟ್ಟರು, 1991ರಲ್ಲಿ ಫಾರ್ಮಲಿನ್ ಮುಚ್ಚಿಟ್ಟ ಪ್ರೋಟೀನುಗಳನ್ನು ಮೈಕ್ರೋವೇವ್ ಬಿಸಿಯಲ್ಲಿ ಬಿಡಿಸಬಹುದೆಂದು ತಿಳಿಯಿತು. ಪ್ರತಿಕಾಯ ಹಾಕಿ ಕಂದು ಬಣ್ಣ ಬಂದರೆ ಕೆರಾಟಿನ್, ಕೆರಾಟಿನ್ ಇದ್ದರೆ ಎಪಿಥೀಲಿಯಂ: ಇಷ್ಟು ಸರಳವಾದ ವಿದ್ಯೆಯನ್ನು ಯಾರು ಬೇಡವೆಂದಾರು! ಕೆಲವು ನುಣುಪು ಸ್ನಾಯುಗಳಲ್ಲೂ ಕೆರಾಟಿನ್ ಕಂದಾಗುತ್ತದೆ ಎಂಬುದು ಸಿಕ್ಕಿಬಿದ್ದವರಿಗಷ್ಟೇ ನೆನಪಿರುತ್ತದೆ.

ಈಗಿನ ಫ್ಯಾಷನ್ ಅಂಗಾಂಶವನ್ನು ಬಿಡಿ ಕೋಶಗಳಾಗಿ ಕರಗಿಸಿ ಒಂದೊಂದರ ಆರ್‌ಎನ್‌ಎ ಓದುವುದು. ಪ್ರಚಂಡ ಸಾಧನೆ, ಸಂಶಯವಿಲ್ಲ. ಆದರೆ ಕರಗಿಸಿದೊಡನೆ ನೆರೆಹೊರೆ ಕಳೆದುಹೋಯಿತು. ಅದನ್ನು ಮರಳಿ ಪಡೆಯಲು 2016ರ ಹೊತ್ತಿಗೆ ತೆಳು ಪದರದ ಮೇಲೆಯೇ ಆರ್‌ಎನ್‌ಎ ಅಳೆಯುವ ವಿಧಾನ ಹುಟ್ಟಿತು. ಅಂದರೆ ಮತ್ತೆ ಸ್ಲೈಡಿಗೇ. ನಮ್ಮ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಜ್ಞಾನಿಗಳು ಸೇರಿ 2014ರಲ್ಲಿ ಪ್ರಕಟಿಸಿದ ಮಾನವ ಪ್ರೋಟೀನ್ ನಕ್ಷೆಯಲ್ಲೂ 30 ಮಾದರಿಗಳಿದ್ದವು, ಹಿಸ್ಟಾಲಜಿಯ ದೃಷ್ಟಿಯಲ್ಲಿ ಸಹಜವೆಂದು ಕಂಡಂಥವು. ಸುದ್ದಿಯಾದದ್ದು ಪ್ರೋಟೀನು ಮಾತ್ರ.

ಯಂತ್ರಕಲಿಕೆಯ ವಿಷಯವೂ ಹೀಗೆಯೇ. ಸ್ಲೈಡುಗಳನ್ನು ನೋಡಿ ಕಲಿತ ಮಾದರಿಗಳು ಬಣ್ಣದ ಸೂಕ್ಷ್ಮ ವ್ಯತ್ಯಾಸದಿಂದ ಸ್ಲೈಡು ಯಾವ ಆಸ್ಪತ್ರೆಯಿಂದ ಬಂದದ್ದೆಂದು ಪತ್ತೆಹಚ್ಚಬಲ್ಲವು, ಅದರಿಂದ ಫಲಿತಾಂಶವೇ ವಾಲುತ್ತದೆ ಎಂದು 2021ರ ಅಧ್ಯಯನವೊಂದು ತೋರಿಸಿತು. ನಮ್ಮ ವಿದ್ಯಾರ್ಥಿಗಳೂ ಇಲಾಖೆಯ ಹಳೆ ಸ್ಲೈಡುಗಳನ್ನು ಗುರುತಿಸುವುದು ಮೂಲೆಯ ಗಾಳಿಗುಳ್ಳೆಯಿಂದ, ಬಿರುಕಿನಿಂದ. ಯಂತ್ರವನ್ನಷ್ಟೇ ದೂರುವುದೇಕೆ?

ಇನ್ನು ನಾವು ಸಹಜವೆಂದು ತೋರಿಸುವುದು ಯಾರ ಅಂಗಾಂಶ? ಶ್ವಾಸಕೋಶದ ಕಿರುನಾಳಗಳ ಕ್ಲಾರಾ ಕೋಶದ ಹೆಸರು ಈಗ ಕ್ಲಬ್ ಕೋಶ ಎಂದಾಗಿದೆ. 1937ರಲ್ಲಿ ಅದನ್ನು ವರ್ಣಿಸಿದ ಮ್ಯಾಕ್ಸ್ ಕ್ಲಾರಾ ನಾಜಿ ಪಕ್ಷದವನು, ಮರಣದಂಡನೆಗೆ ಗುರಿಯಾದವರ ಅಂಗಾಂಶ ಬಳಸಿದವನು. ಹೆಸರು ಬದಲಿಸಿದ್ದು ಸರಿಯೇ. ನಮ್ಮಲ್ಲಿ ಪ್ರಶ್ನೆ ಬೇರೆ ರೂಪದಲ್ಲಿದೆ. ಮಿದುಳಿಗೆ ನಿಮ್ಹಾನ್ಸ್‌ನಲ್ಲಿ 1995ರಿಂದ ಒಂದು ಬ್ಯಾಂಕ್ ಇದೆ. ಕರುಳು, ಚರ್ಮ, ಗರ್ಭಕೋಶಗಳ ಸಹಜ ರೂಪವನ್ನು ವಯಸ್ಸಿನ ಪ್ರಕಾರ ಜೋಡಿಸಿದ ಬೋಧನಾ ಸಂಗ್ರಹವನ್ನು ನಾನು ಕೆಲಸಮಾಡಿದ ಯಾವ ವಿಭಾಗದಲ್ಲೂ ಕಾಣಲಿಲ್ಲ. ಶವದಿಂದ ತಡವಾಗಿ ತೆಗೆದ ಕರುಳಿನ ಲೋಳೆಪೊರೆ ಉದುರಿಹೋಗಿರುತ್ತದೆ, ಅದನ್ನೇ ತೋರಿಸಿ ವಿಲ್ಲೈ ಕಲ್ಪಿಸಿಕೊಳ್ಳಿ ಎನ್ನುತ್ತೇವೆ. ವೈದ್ಯಕೀಯ ಪದವಿಯ 1997ರ ನಿಯಮಗಳು ಓದಿನ ಮೊದಲ ಹಂತವನ್ನು ಹದಿನೆಂಟು ತಿಂಗಳಿಂದ ಒಂದು ವರ್ಷಕ್ಕೆ ಇಳಿಸಿದ ಮೇಲೆ ಮೊದಲು ಕತ್ತರಿ ಬಿದ್ದದ್ದು ಸ್ಲೈಡಿನ ಮುಂದೆ ಕೂರುವ ಸಮಯಕ್ಕೆ. ಬ್ಲಾಕ್ ಕೊಯ್ದು, ಪದರವನ್ನು ಬಿಸಿನೀರ ಮೇಲೆ ಹರಡಿ, ಗಾಜಿಗೆ ಎತ್ತುವ ಟೆಕ್ನಿಷಿಯನ್ ನಿವೃತ್ತನಾದಾಗ ಅವನಿಗೆ ತಿಳಿದಿದ್ದನ್ನು ಬರೆದಿಟ್ಟುಕೊಂಡವರು ವಿರಳ.

ಇಲಾಖೆಯ ಪೆಟ್ಟಿಗೆಯ ಸ್ಲೈಡುಗಳ ಚೀಟಿಯ ಮೇಲೆ ಸಾಮಾನ್ಯವಾಗಿ ಅಂಗದ ಹೆಸರಷ್ಟೇ ಇರುತ್ತದೆ: ಜಠರ. ಜಠರದ ಯಾವ ಭಾಗ, ಎಷ್ಟು ವಯಸ್ಸಿನವರದು, ಸತ್ತ ಎಷ್ಟು ಹೊತ್ತಿಗೆ ತೆಗೆದದ್ದು, ಫಾರ್ಮಲಿನ್‌ನಲ್ಲಿ ಎಷ್ಟು ದಿನ ಇತ್ತು, ಬಣ್ಣ ಹಾಕಿದ್ದು ಯಾವ ವರ್ಷ ಎಂಬುದಕ್ಕೆ ಆ ಚೀಟಿಯಲ್ಲಿ ಜಾಗವಿದೆ. ಸ್ಕ್ಯಾನರಿಗೆ ಹೋಗುತ್ತಿರುವುದು ಈಗ ಅದೇ ಪೆಟ್ಟಿಗೆ.