ಹತ್ತಕ್ಕೆ ಸೊನ್ನೆ

1999ರಲ್ಲಿ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಒಂದು ರಿಜಿಸ್ಟರು ಇತ್ತು. ಇನ್ನೂರು ಪುಟ, ಕೆಂಪು ಬೈಂಡು. ಮೆಸ್ಸಿನ ಲೆಕ್ಕಕ್ಕೆಂದು ತಂದದ್ದು, ಮೆಸ್ಸಿನವರು ಬೇಡವೆಂದ ಮೇಲೆ ಎರಡನೇ ಮಹಡಿಗೆ ಬಂದಿತ್ತು. ಟೇಪ್ ರೆಕಾರ್ಡರ್ ಇದ್ದ ರೂಮಿನಲ್ಲಿ, ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ ಪೆನ್ನಿನ ಜೊತೆ ಇಟ್ಟಿದ್ದೆವು. ನಿಯಮ ಸರಳ. ಹೊಸ ಕ್ಯಾಸೆಟ್ ಕೇಳಿದವನು ಆ ಆಲ್ಬಂ ಬಗ್ಗೆ ನಾಲ್ಕು ಸಾಲು ಬರೆಯಬೇಕು, ಕೆಳಗೆ ಹತ್ತಕ್ಕೆ ಎಷ್ಟು ಎಂದು ಅಂಕ ಹಾಕಬೇಕು. ಉಳಿದವರು ಅದರ ಕೆಳಗೆ ಜಗಳವಾಡಬಹುದು. ಮೆಟಾಲಿಕಾದವರ ಕೂದಲು ಕತ್ತರಿಸಿದ ಮೇಲಿನ ಸಂಗೀತ ಸಂಗೀತವೇ ಅಲ್ಲ ಎಂಬ ವಾದ ಹನ್ನೊಂದು ಪುಟ ಓಡಿತ್ತು.

ನಾವು ಹೊಸದೇನೋ ಕಂಡುಹಿಡಿದಿದ್ದೇವೆ ಎಂದುಕೊಂಡಿದ್ದೆವು. ಮೂವತ್ತಮೂರು ವರ್ಷ ಮೊದಲೇ ನಮ್ಮದೇ ವಯಸ್ಸಿನ ಹುಡುಗನೊಬ್ಬ ಇದನ್ನು ಮಾಡಿ ಮುಗಿಸಿದ್ದ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಪುಣೆಗೆ ಬಂದು ಕೆಲಸಕ್ಕೆ ಸೇರಿ, ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುತ್ತ ಕೂತಿದ್ದಾಗ.

ಅವನ ಹೆಸರು ಪಾಲ್ ವಿಲಿಯಮ್ಸ್. ಅಮೆರಿಕದ ಪೆನ್ಸಿಲ್ವೇನಿಯಾದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿ, ವಯಸ್ಸು ಹದಿನೇಳು. 1966ರ ಫೆಬ್ರವರಿಯಲ್ಲಿ ಅವನು ಟೈಪು ಮಾಡಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಐನೂರು ಪ್ರತಿ ತೆಗೆದು ಹೊರತಂದ ಹತ್ತು ಪುಟಗಳ ಪತ್ರಿಕೆಯ ಹೆಸರು 'ಕ್ರಾಡ್ಯಾಡಿ'. ರೋಲಿಂಗ್ ಸ್ಟೋನ್ಸ್ ತಂಡ ಆರಂಭದ ದಿನಗಳಲ್ಲಿ ಹಾಡುತ್ತಿದ್ದ ಇಂಗ್ಲೆಂಡಿನ ಒಂದು ಕ್ಲಬ್ಬಿನ ಹೆಸರದು. ಮೊದಲ ಸಂಚಿಕೆಯ ಬರಹವೆಲ್ಲ ಅವನದೇ.

ಆಗ ಅಮೆರಿಕದಲ್ಲಿ ಸಂಗೀತದ ಪತ್ರಿಕೆಗಳು ಇರಲಿಲ್ಲವೆಂದಲ್ಲ. ವ್ಯಾಪಾರಿಗಳಿಗೆ 'ಬಿಲ್‌ಬೋರ್ಡ್' ಇತ್ತು, ಯಾವ ರೆಕಾರ್ಡು ಎಷ್ಟು ಓಡುತ್ತಿದೆ ಎಂದು ನೋಡಿಕೊಳ್ಳಲು. ಶಾಲೆಯ ಹುಡುಗಿಯರಿಗೆ ಬಣ್ಣದ ಪತ್ರಿಕೆಗಳಿದ್ದವು, ಗಾಯಕನ ಇಷ್ಟದ ಬಣ್ಣ ಯಾವುದು, ಇಷ್ಟದ ತಿಂಡಿ ಯಾವುದು ಎಂದು ತಿಳಿಸಲು. ಜಾಝ್, ಶಾಸ್ತ್ರೀಯ ಸಂಗೀತಗಳಿಗೆ ವಿಮರ್ಶಕರಿದ್ದರು. ಆದರೆ ಒಂದು ರಾಕ್ ಆಲ್ಬಮನ್ನು ಕಾದಂಬರಿಯನ್ನು ಓದಿದ ಹಾಗೆ ಕೂತು ಕೇಳಿ, ಇದರಲ್ಲಿ ಏನಿದೆ, ನನಗೇಕೆ ಹೀಗಾಯಿತು ಎಂದು ಬರೆಯುವ ಜಾಗ ಮಾತ್ರ ಇರಲಿಲ್ಲ. ವಿಲಿಯಮ್ಸ್‌ಗೆ ಆ ಧೈರ್ಯ ಬಂದದ್ದು ಸಂಗೀತದಿಂದಲ್ಲ, ವೈಜ್ಞಾನಿಕ ಕತೆಗಳಿಂದ. ಸೈನ್ಸ್ ಫಿಕ್ಷನ್ ಓದುಗರು ಮೂವತ್ತರ ದಶಕದಿಂದಲೇ ತಮ್ಮಲ್ಲೇ ಹಂಚಿಕೊಳ್ಳಲು ಇಂಥ ಕೈಬರಹದಂಥ ಪತ್ರಿಕೆಗಳನ್ನು ಮಾಡಿಕೊಂಡಿದ್ದರು. ಅಭಿಮಾನಿಗಳ ಮ್ಯಾಗಜೀನ್ ಆದ್ದರಿಂದ 'ಫ್ಯಾನ್‌ಜೀನ್' ಎಂಬ ಹೆಸರು. ವಿಲಿಯಮ್ಸ್ ಹದಿನಾಲ್ಕನೇ ವಯಸ್ಸಿಗೇ ಅಂಥದ್ದೊಂದನ್ನು ನಡೆಸಿದ್ದ. ಅದೇ ರೂಢಿಯನ್ನು ಎತ್ತಿ ರಾಕ್ ಸಂಗೀತಕ್ಕೆ ನೆಟ್ಟ, ಅಷ್ಟೆ.

(ನಮ್ಮಲ್ಲೂ ಅದೇ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು 'ಸಾಕ್ಷಿ' ನಡೆಸುತ್ತಿದ್ದರು. ಎರಡಕ್ಕೂ ನಂಟು ಕಟ್ಟುವುದು ಅತಿಯಾದೀತು. ಆದರೆ ಸಣ್ಣ ಪತ್ರಿಕೆಯ ಓದುಗನೆಂದರೆ ಏನು ಎನ್ನುವುದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.)

ಪತ್ರಿಕೆಯನ್ನು ಓದಿದ ಪಾಲ್ ಸೈಮನ್, ಹೌದು, ಸೈಮನ್ ಮತ್ತು ಗಾರ್‌ಫಂಕೆಲ್ ಜೋಡಿಯ ಸೈಮನ್, ಆ ಹುಡುಗನ ಹಾಸ್ಟೆಲ್ಲಿಗೇ ಫೋನು ಮಾಡಿದ. ತನ್ನ ಹಾಡುಗಳ ಬಗ್ಗೆ ತಿಳಿದು ಬರೆದವರು ಒಬ್ಬರಾದರೂ ಇದ್ದಾರಲ್ಲ ಎಂಬ ಸಂತೋಷಕ್ಕೆ. ಹಾಸ್ಟೆಲ್ಲಿನ ಕಾಮನ್ ಫೋನು ಎಂದರೆ ಏನೆಂದು ತಿಳಿದವರಿಗೆ ಈ ಘಟನೆಯ ತೂಕ ಗೊತ್ತಾಗುತ್ತದೆ. ವಿಲಿಯಮ್ಸ್ ಕಾಲೇಜು ಬಿಟ್ಟ, ಪತ್ರಿಕೆ ಬೆಳೆಯಿತು, 1968ರಲ್ಲಿ ಪತ್ರಿಕೆಯನ್ನೂ ಬಿಟ್ಟು ಹೋದ.

ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಪ್ಪತ್ತೊಂದು ವರ್ಷದ ಯಾನ್ ವೆನ್ನರ್ ಏಳೂವರೆ ಸಾವಿರ ಡಾಲರ್ ಸಾಲ ಎತ್ತಿ, 1967ರ ನವೆಂಬರಿನಲ್ಲಿ 'ರೋಲಿಂಗ್ ಸ್ಟೋನ್' ಶುರುಮಾಡಿದ್ದ. ಇಲ್ಲಿಂದ ಕತೆಯ ಬಣ್ಣ ಬದಲಾಗುತ್ತದೆ. ಐನೂರು ಜನ ಓದುವ ಅಭಿಪ್ರಾಯ ಬೇರೆ, ಲಕ್ಷ ಜನ ಓದುವ ಅಭಿಪ್ರಾಯ ಬೇರೆ. ಜಾನ್ ಲ್ಯಾಂಡೋ ಎಂಬಾತ ಬಾಸ್ಟನ್ನಿನ ಕಡೆಯ ವಿದ್ಯಾರ್ಥಿ, ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದವನು, ಕ್ರಾಡ್ಯಾಡಿಯಲ್ಲಿ ಬರೆಯುತ್ತ ಕೈ ಪಳಗಿಸಿಕೊಂಡವನು. 1968ರಲ್ಲಿ ರೋಲಿಂಗ್ ಸ್ಟೋನ್‌ನಲ್ಲಿ ಅವನು 'ಕ್ರೀಮ್' ತಂಡದ ಕಛೇರಿಯ ಬಗ್ಗೆ ಬರೆಯುತ್ತ, ಎರಿಕ್ ಕ್ಲಾಪ್ಟನ್ ಹಳೆಯ ಬ್ಲೂಸ್ ಪಟ್ಟುಗಳನ್ನೇ ತಿರುಗಿಸಿ ಮರುಗಿಸಿ ನುಡಿಸುತ್ತಾನೆ ಎಂದುಬಿಟ್ಟ. ಲಂಡನ್ನಿನ ಗೋಡೆಗಳ ಮೇಲೆ ಜನ ಯಾರನ್ನು ದೇವರೆಂದು ಬರೆದಿದ್ದರೋ ಆ ಕ್ಲಾಪ್ಟನ್. ಅದನ್ನು ಓದಿ ತನಗೆ ತಲೆ ತಿರುಗಿದಂತಾಯಿತು, ಆ ತಂಡ ಇನ್ನು ಸಾಕು ಅನ್ನಿಸಿತು ಎಂದು ಕ್ಲಾಪ್ಟನ್ ಮುಂದೆ ಹಲವು ಸಲ ಹೇಳಿಕೊಂಡಿದ್ದಾನೆ. ಆ ವರ್ಷವೇ ಕ್ರೀಮ್ ಒಡೆಯಿತು. ಒಡೆಯಲು ಬೇರೆ ಕಾರಣಗಳೂ ಇದ್ದವು, ಡ್ರಮ್ಮರ್‌ಗೂ ಬೇಸ್ ನುಡಿಸುವವನಿಗೂ ಕೈಕೈ ಮಿಲಾಯಿಸುವಷ್ಟು ಜಗಳವಿತ್ತು. ಆದರೂ ರೆಕಾರ್ಡ್ ಅಂಗಡಿಯ ಹುಡುಗನೊಬ್ಬನ ಮಾತು ಅಲ್ಲಿಗೆ ತಲುಪಿ ನಾಟಿತು ಎನ್ನುವುದು ಸಣ್ಣ ಸಂಗತಿಯಲ್ಲ. ಅದೇ ಲ್ಯಾಂಡೋ 1974ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್‌ನನ್ನು ಕೇಳಿ ಹುಚ್ಚಾಗಿ ಹೊಗಳಿ ಬರೆದು, ಮರುವರ್ಷ ಅವನ ಆಲ್ಬಂ ನಿರ್ಮಾಪಕರಲ್ಲಿ ಒಬ್ಬನಾಗಿ, ಆಮೇಲೆ ಮ್ಯಾನೇಜರನೇ ಆದ. ಅಭಿಮಾನಿ, ವಿಮರ್ಶಕ, ವ್ಯಾಪಾರಿ, ಎಲ್ಲ ಒಂದೇ ಜನ್ಮದಲ್ಲಿ!

ರೋಲಿಂಗ್ ಸ್ಟೋನ್ ತಪ್ಪುಗಳನ್ನೂ ಮಾಡಿತು. 1969ರಲ್ಲಿ ಲೆಡ್ ಜೆಪ್ಲಿನ್‌ರ ಮೊದಲ ಆಲ್ಬಮನ್ನು ಹೀಯಾಳಿಸಿತು. ಅದೇ ವರ್ಷ, ಓದುಗರೂ ವಿಮರ್ಶೆ ಕಳಿಸಬಹುದು ಎಂಬ ಪ್ರಕಟಣೆ ನೋಡಿ ಕ್ಯಾಲಿಫೋರ್ನಿಯಾದ ಲೆಸ್ಟರ್ ಬ್ಯಾಂಗ್ಸ್ ಎಂಬ ಹುಡುಗ ಎಂಸಿ5 ತಂಡದ ಆಲ್ಬಮನ್ನು ಬಡಿದು ಬರೆದ. ಅಚ್ಚಾಯಿತು. ಕೆಲ ಕಾಲದ ನಂತರ ಅವನಿಗೇ ಆ ಆಲ್ಬಂ ಇಷ್ಟವಾಗಿ, ಅದನ್ನು ಎತ್ತಿ ಹಿಡಿಯತೊಡಗಿದ. ಬ್ಯಾಂಗ್ಸ್ ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಮೊದಲು ಹೇಳಿದ್ದಕ್ಕೆ ಅಂಟಿಕೊಂಡು ಕೂರಲಿಲ್ಲ. ಕಲಾವಿದರಿಗೆ ಮರ್ಯಾದೆ ಕೊಡುವುದಿಲ್ಲವೆಂದು 1973ರಲ್ಲಿ ಅವನನ್ನು ರೋಲಿಂಗ್ ಸ್ಟೋನ್ ಹೊರಗೆ ಹಾಕಿತು. ಡೆಟ್ರಾಯಿಟ್ ಕಡೆಯ 'ಕ್ರೀಮ್' ಪತ್ರಿಕೆಯಲ್ಲಿ (ತಂಡವಲ್ಲ, ಪತ್ರಿಕೆ) ಬರೆದ, ನ್ಯೂಯಾರ್ಕಿಗೆ ಹೋದ, 1982ರಲ್ಲಿ ಮೂವತ್ತಮೂರಕ್ಕೇ ತೀರಿಕೊಂಡ.

ಅಭಿಮಾನಿಗಳ ಪತ್ರಿಕೆ ದೊಡ್ಡದಾದರೆ ಕಛೇರಿ ಬರುತ್ತದೆ, ಜಾಹೀರಾತು ಬರುತ್ತದೆ, ರೆಕಾರ್ಡ್ ಕಂಪನಿಯ ಪುಕ್ಕಟೆ ಪ್ರತಿ ಬರುತ್ತದೆ. ಆಮೇಲೆ ಹೊರಗೆ ನಿಂತ ಹೊಸ ಹುಡುಗನಿಗೆ ಅದೂ ಒಂದು ಸರ್ಕಾರಿ ಆಫೀಸಿನ ಹಾಗೆಯೇ ಕಾಣುತ್ತದೆ. ಲಂಡನ್ನಿನ ಮಾರ್ಕ್ ಪೆರಿಗೆ 1976ರಲ್ಲಿ ಕಂಡದ್ದು ಹಾಗೆ. ಅವನು ಬ್ಯಾಂಕ್ ಗುಮಾಸ್ತ, ವಯಸ್ಸು ಹತ್ತೊಂಬತ್ತು. ನ್ಯೂಯಾರ್ಕಿನ ರಮೋನ್ಸ್ ತಂಡದ ಮೊದಲ ಆಲ್ಬಂ ಅವನ ತಲೆ ಕೆಡಿಸಿತ್ತು. ಅದರ ಬಗ್ಗೆ ಓದಲು ಏನಾದರೂ ಇದೆಯೇ ಎಂದು ಅಂಗಡಿಯಲ್ಲಿ ಕೇಳಿದರೆ ಏನೂ ಇರಲಿಲ್ಲ. ಸರಿ, ಮಕ್ಕಳ ಟೈಪ್‌ರೈಟರಿನಲ್ಲಿ ತಾನೇ ಟೈಪು ಮಾಡಿದ, ಶೀರ್ಷಿಕೆಗಳನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದ, ಗೆಳತಿಯ ಆಫೀಸಿನಲ್ಲಿ ಝೆರಾಕ್ಸ್ ಮಾಡಿಸಿದ. ಆಫೀಸಿನ ಝೆರಾಕ್ಸ್ ಯಂತ್ರ ಎಲ್ಲ ದೇಶಗಳಲ್ಲೂ ಸಾಹಿತ್ಯಕ್ಕೆ ಇಷ್ಟು ಸೇವೆ ಮಾಡಿದೆ, ಯಾರಾದರೂ ಅದಕ್ಕೊಂದು ಸನ್ಮಾನ ಇಟ್ಟುಕೊಳ್ಳಬೇಕು.

'ಸ್ನಿಫಿನ್ ಗ್ಲೂ' ಎಂಬ ಆ ಪತ್ರಿಕೆಯ ಮೊದಲ ಸಂಚಿಕೆ ಐವತ್ತು ಪ್ರತಿ. ಕಾಗುಣಿತ ತಪ್ಪು, ಹೊಡೆದುಹಾಕಿದ ಗೆರೆಗಳು ಹಾಗೇ ಇದ್ದವು. ವರ್ಷದೊಳಗೆ ಸಾವಿರಾರು ಪ್ರತಿ ಹೋಗತೊಡಗಿದವು. ಹನ್ನೆರಡು ಸಂಚಿಕೆಗಳಾದ ಮೇಲೆ, 1977ರಲ್ಲಿ, ಪೆರಿ ಅದನ್ನು ನಿಲ್ಲಿಸಿಬಿಟ್ಟ. ನನ್ನದನ್ನು ಓದುವುದು ಸಾಕು, ನೀವೇ ಒಂದು ಮಾಡಿ ಎನ್ನುವುದು ಓದುಗರಿಗೆ ಅವನು ಹೇಳುತ್ತ ಬಂದ ಮಾತು. ಜನ ಮಾಡಿದರು ಕೂಡ. 'ಸೈಡ್‌ಬರ್ನ್ಸ್' ಎಂಬ ಇನ್ನೊಂದು ಪತ್ರಿಕೆ ಗಿಟಾರಿನ ಮೂರು ಕಾರ್ಡ್‌ಗಳ ಚಿತ್ರ ಬಿಡಿಸಿ, ಇಷ್ಟು ಕಲಿತರೆ ಸಾಕು, ತಂಡ ಕಟ್ಟು ಎಂದಿತು. ಆ ಚಿತ್ರ ಸ್ನಿಫಿನ್ ಗ್ಲೂನದೆಂದು ಬಹಳ ಜನ ಇವತ್ತಿಗೂ ಹೇಳುತ್ತಾರೆ, ತಪ್ಪು.

'ಇಂಡೀ' ಎಂಬ ಪದಕ್ಕೆ ಜೀವ ಬಂದದ್ದೂ ಈ ಗಾಳಿಯಲ್ಲೇ. ಈಗ ನಾವು ಅದನ್ನು ಒಂದು ರೀತಿಯ ಧ್ವನಿಗೆ, ಒಂದು ರೀತಿಯ ಗಡ್ಡಕ್ಕೆ ಬಳಸುತ್ತೇವೆ. ಆಗ ಅದು ಲೆಕ್ಕದ ಮಾತು: ದೊಡ್ಡ ಕಂಪನಿಗಳ ಹಂಗಿಲ್ಲದೆ ಮಾಡಿ, ಮಾರಿದ್ದು. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡದವರು ಮನೆಯವರು, ಗೆಳೆಯರ ಹತ್ತಿರ ಐನೂರು ಪೌಂಡು ಸಾಲ ಮಾಡಿ, 1977ರ ಜನವರಿಯಲ್ಲಿ ನಾಲ್ಕು ಹಾಡಿನ 'ಸ್ಪೈರಲ್ ಸ್ಕ್ರ್ಯಾಚ್' ಹೊರತಂದರು. ಕವರಿನ ಮೇಲೆ ಯಾವ ಹಾಡು ಎಷ್ಟನೇ ಪ್ರಯತ್ನಕ್ಕೆ ಸರಿಹೋಯಿತು ಎಂದು ಅಚ್ಚು ಹಾಕಿಸಿದ್ದರು, ಇದರಲ್ಲಿ ಮಾಯಮಂತ್ರವೇನೂ ಇಲ್ಲ ಎನ್ನುವ ಹಾಗೆ. ಮೊದಲ ಸಾವಿರ ಪ್ರತಿ ಬೇಗ ಖಾಲಿಯಾಗಿ, ಒಟ್ಟು ಹದಿನಾರು ಸಾವಿರ ಮಾರಿತು. ಲಂಡನ್ನಿನಲ್ಲಿ ಜೆಫ್ ಟ್ರಾವಿಸ್ 1976ರಲ್ಲಿ ತೆರೆದಿದ್ದ 'ರಫ್ ಟ್ರೇಡ್' ಅಂಗಡಿಯಲ್ಲಿ ಇಂಥ ರೆಕಾರ್ಡುಗಳೂ ಝೆರಾಕ್ಸ್ ಪತ್ರಿಕೆಗಳೂ ಒಟ್ಟಿಗೇ ಮಾರಾಟಕ್ಕಿದ್ದವು. ಹಾಡು ಮತ್ತು ಹಾಡಿನ ಬಗೆಗಿನ ಮಾತು ಒಂದೇ ಕೌಂಟರಿನಲ್ಲಿ.

ನಮ್ಮ ದೇಶದಲ್ಲಿ ಈ ಕೆಲಸ ಆದದ್ದು ಮುಂಬೈ, ಬೆಂಗಳೂರಿನಲ್ಲಿ ಅಲ್ಲ, ಅಲಹಾಬಾದಿನಲ್ಲಿ. 1993ರಲ್ಲಿ ಅಮಿತ್ ಸೈಗಲ್ ಅಲ್ಲಿಂದ 'ರಾಕ್ ಸ್ಟ್ರೀಟ್ ಜರ್ನಲ್' ಶುರುಮಾಡಿದರು. ಮುಂದೆ 'ಗ್ರೇಟ್ ಇಂಡಿಯನ್ ರಾಕ್' ಉತ್ಸವವೂ ಅವರದೇ. 2012ರ ಜನವರಿಯಲ್ಲಿ ಗೋವಾದಲ್ಲಿ ಅವರು ತೀರಿಕೊಂಡಾಗ ಈ ದೇಶದ ಅರ್ಧಕ್ಕರ್ಧ ಬ್ಯಾಂಡುಗಳು ಮನೆಯ ಹಿರಿಯರನ್ನು ಕಳೆದುಕೊಂಡಂತೆ ಅತ್ತವು. ನಮ್ಮ ಹಾಸ್ಟೆಲ್ಲಿಗೆ ಅದರ ಪ್ರತಿಗಳು ಬೆಂಗಳೂರಿನಿಂದ ಬರುವವರ ಬ್ಯಾಗಿನಲ್ಲಿ, ತಿಂಗಳುಗಟ್ಟಲೆ ತಡವಾಗಿ, ಬೇರೆಯವರು ಗೆರೆ ಎಳೆದ ಸ್ಥಿತಿಯಲ್ಲಿ ಬರುತ್ತಿದ್ದವು. ನಮ್ಮ ರಿಜಿಸ್ಟರಿನ ಇಂಗ್ಲಿಷು, ಅದರ ಧಿಮಾಕು, ಎರಡೂ ಅಲ್ಲಿಂದ ಕದ್ದದ್ದು ಎಂದು ಈಗ ಒಪ್ಪಿಕೊಳ್ಳಬಹುದು.

ಅಂಕದ ಚಟ ಮಾತ್ರ ಬೇರೆ ಕಡೆಯಿಂದ ಬೆಳೆಯಿತು. ತೊಂಬತ್ತರ ದಶಕದ ನಡುವಿನಲ್ಲಿ ಮಿನಿಯಾಪೊಲಿಸ್ ಬಳಿ, ಹೈಸ್ಕೂಲು ಮುಗಿಸಿ ಅಪ್ಪ ಅಮ್ಮನ ಮನೆಯಲ್ಲೇ ಇದ್ದ ರಯಾನ್ ಶ್ರೈಬರ್ 'ಪಿಚ್‌ಫೋರ್ಕ್' ಆರಂಭಿಸಿದ. ಇದು ಕಾಗದವೂ ಇಲ್ಲದ, ತೆರೆಯ ಮೇಲಿನ ಪತ್ರಿಕೆ. ಆಲ್ಬಂಗಳಿಗೆ 0.0ಯಿಂದ 10.0ರವರೆಗೆ, ದಶಮಾಂಶದ ಸಮೇತ ಅಂಕ. 2000ದಲ್ಲಿ ರೇಡಿಯೋಹೆಡ್‌ನ 'ಕಿಡ್ ಎ'ಗೆ 10.0. 2004ರಲ್ಲಿ ಆರ್ಕೇಡ್ ಫೈರ್ ಎಂಬ ಕೆನಡಾದ ಅಪರಿಚಿತ ತಂಡಕ್ಕೆ 9.7 ಬಿದ್ದಾಗ ಅವರ ಸಣ್ಣ ಕಂಪನಿಗೆ ಪ್ರತಿಗಳನ್ನು ಒದಗಿಸುವುದೇ ಕಷ್ಟವಾಯಿತು. ಅದೇ ತಿಂಗಳು ಟ್ರಾವಿಸ್ ಮಾರಿಸನ್‌ನ ಆಲ್ಬಂಗೆ 0.0. ಅವನ ಹಾಡುಗಾರಿಕೆಯ ಬದುಕು ಅಲ್ಲಿಂದ ಚೇತರಿಸಿಕೊಳ್ಳಲು ಒದ್ದಾಡಿತು.

ಈ ದಶಮಾಂಶದ ಬಗ್ಗೆ ನಾನು ನಗುವ ಸ್ಥಿತಿಯಲ್ಲಿಲ್ಲ. ವರ್ಷಕ್ಕೊಮ್ಮೆ ನಾನೂ ಹದಿನಾಲ್ಕು ಜನಕ್ಕೆ ರೇಟಿಂಗ್ ಹಾಕುತ್ತೇನೆ. 3.4ಕ್ಕೂ 3.6ಕ್ಕೂ ಏನು ವ್ಯತ್ಯಾಸ ಎಂದು ಎದುರಿಗೆ ಕೂತ ಹುಡುಗಿ ಕೇಳಿದಾಗ ನನ್ನ ಬಳಿ ಒಂದು ಸ್ಲೈಡು ಇರುತ್ತದೆ, ಉತ್ತರ ಇರುವುದಿಲ್ಲ.

2003ರಲ್ಲಿ ಲಿಜ್ ಫೇರ್ ಎಂಬ ಗಾಯಕಿಯ ಆಲ್ಬಂಗೂ ಪಿಚ್‌ಫೋರ್ಕ್ 0.0 ಕೊಟ್ಟಿತ್ತು. ಹತ್ತು ವರ್ಷ ಮೊದಲು ಇಂಡೀ ಕೇಳುಗರು ತಲೆಯ ಮೇಲೆ ಹೊತ್ತು ಮೆರೆಸಿದ್ದ ಗಾಯಕಿ ಆಕೆ. ದೊಡ್ಡ ಕಂಪನಿ ಸೇರಿ ಪಾಪ್ ಹಾಡಿದಳು ಎನ್ನುವುದೇ ಅಪರಾಧ. ಬರೆದವನು ಮ್ಯಾಟ್ ಲಮೇ. ಆಗ ಅವನಿಗೆ ಹತ್ತೊಂಬತ್ತು. 2019ರಲ್ಲಿ, ಹದಿನಾರು ವರ್ಷಗಳ ಮೇಲೆ, ಅವನು ಸಾರ್ವಜನಿಕವಾಗಿ ಆಕೆಯ ಕ್ಷಮೆ ಕೇಳಿದ. ಆಕೆ ದೊಡ್ಡ ಮನಸ್ಸಿನಿಂದಲೇ ಉತ್ತರಿಸಿದಳು. 2021ರಲ್ಲಿ ಪಿಚ್‌ಫೋರ್ಕ್ ಹಳೆಯ ಹತ್ತೊಂಬತ್ತು ಅಂಕಗಳನ್ನು ತಿದ್ದಿದಾಗ ಆ 0.0, 6.0 ಆಯಿತು. ಕಂಪನಿಯವರು ತಿದ್ದಿದ್ದಕ್ಕಿಂತ ಆ ಹುಡುಗ ಕ್ಷಮೆ ಕೇಳಿದ್ದೇ ನನಗೆ ದೊಡ್ಡದಾಗಿ ಕಂಡಿತು. ಕಾರಣ ರಿಜಿಸ್ಟರಿನ ಒಂದು ಪುಟ.

ನಮ್ಮ ಮಹಡಿಯಲ್ಲಿ ಗದಗ ಕಡೆಯ ಒಬ್ಬ ಗೆಳೆಯನಿದ್ದ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ನನ್ನ ಬಳಿ ಇದ್ದ ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್' ಕ್ಯಾಸೆಟ್ಟನ್ನು ಕೇಳಿ, ರಿಜಿಸ್ಟರಿನಲ್ಲಿ ಮೊದಲ ಬಾರಿಗೆ ಬರೆದ. ಕನ್ನಡದಲ್ಲಿ ಬರೆದ. ಆರಂಭದಲ್ಲಿ ಗಿಟಾರಿನಲ್ಲಿ ನಾಲ್ಕು ಸ್ವರ ಬರುತ್ತವಲ್ಲ, ಅದು ರಾತ್ರಿ ಹೊಲದ ಬದುವಿನ ಮೇಲೆ ನಿಂತು, ಮನೆಗೆ ಬಾರದವನ ಹೆಸರು ಹಿಡಿದು ಕೂಗಿ, ಓಗೊಡುತ್ತಾನೇನೋ ಎಂದು ಸುಮ್ಮನೆ ನಿಂತ ಹಾಗಿದೆ, ಮತ್ತೆ ಕೂಗಿದ ಹಾಗಿದೆ ಎಂದು. ನಾನು ಅದರ ಕೆಳಗೆ ಇಂಗ್ಲಿಷಿನಲ್ಲಿ, ಇದು ರಾಕ್ ವಿಮರ್ಶೆಯೋ ರೈತರ ರೇಡಿಯೋ ಕಾರ್ಯಕ್ರಮವೋ ಎಂದು ಬರೆದು, ಅವನ ವಿಮರ್ಶೆಗೆ ಹತ್ತಕ್ಕೆ ಸೊನ್ನೆ ಹಾಕಿದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಮತ್ತೆ ಬರೆಯಲಿಲ್ಲ.

ಆ ಆಲ್ಬಂ ಯಾರ ಬಗ್ಗೆ ಎಂದು ನನಗೆ ಆಗ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಪಿಂಕ್ ಫ್ಲಾಯ್ಡ್ ಕಟ್ಟಿದವರಲ್ಲಿ ಒಬ್ಬನಾದ ಸಿಡ್ ಬ್ಯಾರೆಟ್ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು 1968ರಲ್ಲಿ ತಂಡದಿಂದ ದೂರವಾಗಿದ್ದ. ಆ ನಾಲ್ಕು ಸ್ವರಗಳ ಹಾಡು ಅವನನ್ನು ನೆನೆದು ಕಟ್ಟಿದ್ದು. 1975ರ ಜೂನಿನಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಆ ಹಾಡಿನ ಕೆಲಸ ನಡೆದಿದ್ದಾಗ, ತಲೆ, ಹುಬ್ಬು ಬೋಳಿಸಿಕೊಂಡ ದಪ್ಪನೆಯ ಮನುಷ್ಯನೊಬ್ಬ ಒಳಗೆ ಬಂದು ನಿಂತ. ಅವನು ಸಿಡ್ ಎಂದು ಗುರುತು ಹಿಡಿಯಲು ಜೊತೆಯಲ್ಲಿ ನುಡಿಸಿದವರಿಗೇ ಹೊತ್ತು ಹಿಡಿಯಿತು. ಆಲ್ಬಂ ಬಂದಾಗ ರೋಲಿಂಗ್ ಸ್ಟೋನ್‌ನ ವಿಮರ್ಶಕ ಇದರಲ್ಲಿ ಜೀವವಿಲ್ಲ ಎಂಬಂತೆ ಬರೆದಿದ್ದ. 2003ರಲ್ಲಿ ಅದೇ ಪತ್ರಿಕೆ ತನ್ನ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಂಗಳ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಂಡಿತು. ಮನೆಗೆ ಬಾರದವನನ್ನು ಕರೆಯುವ ಕೂಗು ಎಂದು ಮೊದಲ ಸಲಕ್ಕೇ ಕೇಳಿಸಿಕೊಂಡವನು, ನನಗೆ ತಿಳಿದ ಮಟ್ಟಿಗೆ, ಗದಗಿನ ಆ ಹುಡುಗನೊಬ್ಬನೇ.

ಲಮೇ ಕ್ಷಮೆ ಕೇಳಿದ್ದನ್ನು ಓದಿದ ರಾತ್ರಿ ಗೆಳೆಯನ ನಂಬರು ಹುಡುಕಿ ಮೆಸೇಜು ಮಾಡಿದೆ. ಅವನದು ಈಗ ಪಂಪ್‌ಸೆಟ್ ಅಂಗಡಿ. ಸಿಡ್ ಬ್ಯಾರೆಟ್ ಕತೆಯನ್ನೆಲ್ಲ ಬರೆದೆ, ಆ ಸೊನ್ನೆಯ ಬಗ್ಗೆಯೂ ಬರೆದೆ. ಬೆಳಿಗ್ಗೆ ಉತ್ತರ ಬಂದಿತ್ತು: "ನಿನ್ನ ಕ್ಯಾಸೆಟ್ಟು ಇನ್ನೂ ನನ್ನ ಕಡೇನ ಐತಲೇ ದೋಸ್ತ. ಬೇಕಾದ್ರ ಹೇಳು, ಕೊರಿಯರ್ ಮಾಡ್ತೀನಿ."